ಪ್ರಸಾದ ಎಡಕ್ಕೆ ಆದರೆ ನಮ್ಮ ಇಚ್ಛೆಗೆ ಬೆಲೆ ಇಲ್ಲವೇ?

ಪ್ರಶ್ನೆ: ನಮ್ಮ ಮೂಲ ಕಾರವಾರ ತಾಲೂಕಿನ ಹಣಕೋಣ. ಈಗ ಬೆಂಗಳೂರಲ್ಲಿದ್ದೇವೆ. ತಾಯಿಗೆ ಆಪರೇಷನ್ ಆಗಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ. ಊರ ಕಡೆ ದೇವಸ್ಥಾನವೊಂದರಲ್ಲಿ ಪ್ರಸಾದ ಕೇಳಿಸಿದಾಗ ಹೂವು ಎಡಕ್ಕೆ ಬಿತ್ತು. ಮನೆಯ ಹಿರಿಯರು ಆಪರೇಷನ್ ಬೇಡ ಎನ್ನುತ್ತಿದ್ದಾರೆ. ಎಲ್ಲಾ ದೇವರೇ ನಿಶ್ಚಯಿಸಿದ್ದರೆ ನಾವು ಯೋಚಿಸುವುದಕ್ಕೆ ಏನರ್ಥ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ತಾಯಿಯವರ ವಿಷಯ. ಡಾಕ್ಟರು ಕೊಟ್ಟ ದಿನವನ್ನು ಈ ಕಾರಣಕ್ಕೆ ಮುಂದೂಡಬೇಡಿ. ಅನುಮಾನವಿದ್ದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ಹೀಗೆ ಹೇಳಿದರೆ ದೇವರನ್ನು ಅಲ್ಲಗಳೆದಂತೆ ಆಗುವುದಿಲ್ಲ.

ನಿಮ್ಮ ಪ್ರಶ್ನೆ ತುಂಬ ಹಳೆಯದು. ಬ್ರಹ್ಮಸೂತ್ರದ 2ನೇ ಅಧ್ಯಾಯದ 3ನೇ ಪಾದದಲ್ಲಿ ಇದೇ ಚರ್ಚೆ ಇದೆ. ಜೀವನು ಕರ್ತನೇ ಅಲ್ಲದಿದ್ದರೆ, ‘ಇದು ಮಾಡು, ಇದು ಬಿಡು’ ಎನ್ನುವ ಶಾಸ್ತ್ರ ಯಾರಿಗಾಗಿ? ಕಲ್ಲಿಗೆ ಯಾರೂ ವಿಧಿನಿಷೇಧ ಹೇಳುವುದಿಲ್ಲವಲ್ಲ! ಅದೇ ಪಾದ ಮುಂದುವರಿದು, ಆ ಕರ್ತೃತ್ವ ಪರಮಾತ್ಮನಿಂದಲೇ ಬಂದದ್ದು, ಆದರೆ ಆತ ಜೀವನ ಪ್ರಯತ್ನವನ್ನು ನೋಡಿಯೇ ಮಾಡಿಸುತ್ತಾನೆ ಎನ್ನುತ್ತದೆ. ಶಂಕರರು ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲ ಬೀಜಕ್ಕೂ ಒಂದೇ, ಭತ್ತದಿಂದ ಭತ್ತ ಬರುತ್ತದೆ, ಜವೆಯಿಂದ ಜವೆ. ಕರಾವಳಿಯವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕೇ? ಮಧ್ವಾಚಾರ್ಯರು ಜೀವನ ಕರ್ತೃತ್ವ ಹರಿಯ ಅಧೀನ ಎಂದರು, ಇಲ್ಲವೇ ಇಲ್ಲ ಎನ್ನಲಿಲ್ಲ. ಇವರ ನಡುವಿನ ವಾದ ದೊಡ್ಡದು, ಇಲ್ಲಿ ಬೇಡ. ಕೈಕಟ್ಟಿ ಕೂತಿರು ಎಂದು ಮಾತ್ರ ಇಬ್ಬರೂ ಹೇಳಿಲ್ಲ. ಗೀತೆಯ 18ನೇ ಅಧ್ಯಾಯವೂ ಕೆಲಸಕ್ಕೆ ಐದು ಕಾರಣ ಎಣಿಸಿ ದೈವವನ್ನು ಐದನೆಯದಾಗಿ ಹೇಳುತ್ತದೆ. ಎಲ್ಲ ಉಪದೇಶ ಮುಗಿದ ಮೇಲೂ ಕೃಷ್ಣ ತೀರ್ಮಾನವನ್ನು ಅರ್ಜುನನಿಗೇ ಬಿಡುತ್ತಾನೆ.

ಹಾಗಾದರೆ ಪ್ರಸಾದ ಕೇಳುವುದು ಯಾತಕ್ಕೆ? ವೇದಾಂತದಲ್ಲಿ ಮನಸ್ಸಿನ ಕೆಲಸ ಹೊಯ್ದಾಡುವುದು, ಬುದ್ಧಿಯ ಕೆಲಸ ನಿಶ್ಚಯಿಸುವುದು. ಎರಡೂ ದಾರಿ ಸಮವಾಗಿ ಕಂಡು ಮನಸ್ಸು ನಿಲ್ಲದಾಗ ಪ್ರಸಾದ ಅದನ್ನು ನಿಲ್ಲಿಸುತ್ತದೆ. ಬುದ್ಧಿಗೆ ಉತ್ತರ ಸ್ಪಷ್ಟವಾಗಿರುವ ಕಡೆ ಅದನ್ನು ಕೇಳುವ ಸಂದರ್ಭವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮೂರಿನ ಸಾತೇರಿ ದೇವಿಯನ್ನೇ ನೋಡಿ. ಚೌತಿಯ ನಂತರ ವರ್ಷಕ್ಕೆ ಏಳೇ ದಿನ ಬಾಗಿಲು ತೆರೆಯುವುದು. ಉಳಿದ ದಿನಗಳಲ್ಲೂ ಅಲ್ಲಿನ ಭಕ್ತರು ಗದ್ದೆ ಬಿತ್ತುತ್ತಾರೆ, ಮದುವೆ ಮಾಡುತ್ತಾರೆ, ಆಸ್ಪತ್ರೆಗೂ ಹೋಗುತ್ತಾರೆ. ದೇವಿ ಅವರ ಕೈ ಬಿಟ್ಟಿದ್ದಾಳೆಂದು ಯಾರಾದರೂ ಅಂದಾರೇ?

ಪೂಜೆಯ ಸಂಕಲ್ಪದಲ್ಲಿ ನೀವು ಹೇಳುವುದು ‘ಕರಿಷ್ಯೇ’ ಅಂತ. ‘ನಾನು ಮಾಡುತ್ತೇನೆ’ ಎಂದರ್ಥ. ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ದೀಪ ಹಚ್ಚಿ, ತಾಯಿಯ ಆರೋಗ್ಯಕ್ಕಾಗಿ ಸಂಕಲ್ಪ ಮಾಡಿ, ಒಂದು ಕಾಣಿಕೆ ತೆಗೆದಿಡಿ. ಗುಣವಾದ ಮೇಲೆ ಊರಿಗೆ ಹೋಗಿ ಒಪ್ಪಿಸಿದರಾಯಿತು. ಹಿರಿಯರ ಮನಸ್ಸಿಗೂ ಸಮಾಧಾನ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಡಾಕ್ಟರಿದ್ದಾರೆ, ಹಿರಿಯರಿದ್ದಾರೆ, ಹೂವೂ ಇದೆ. ತಾಯಿಯವರು ಏನೆಂದರು? ಇಂದೇ ಅವರ ಪಕ್ಕ ಕೂತು ಕೇಳಿ.