ರಾತ್ರಿ ಪಾಳಿಯ ದಾದಿಗೆ ಹಗಲಿನ ನಿದ್ದೆ



ಸರಿರಾತ್ರಿಯಲ್ಲಿ ಕರೆಂಟು ಬಂದಾಗ ಎದ್ದು ಹೋಗಿ, ಪಂಪು ಹಾಕಿ, ಬೆಳಗಿನವರೆಗೆ ಗದ್ದೆಗೆ ನೀರು ಹಾಯಿಸಿದ ಅನುಭವ ನಿಮ್ಮಲ್ಲಿ ಅನೇಕರಿಗುಂಟು. ಮರುದಿನ ತಲೆ ಭಾರ, ಊಟ ರುಚಿಸದು, ಮಲಗಿದರೂ ನಿದ್ದೆ ಹತ್ತದು. ಆಸ್ಪತ್ರೆಯ ದಾದಿಯರಿಗೆ ಇದು ಒಂದೆರಡು ದಿನದ ಮಾತಲ್ಲ. ಕೆಲವು ದಿನ ಹಗಲು, ಕೆಲವು ದಿನ ರಾತ್ರಿ ಎಂದು ಪಾಳಿ ತಿರುಗುತ್ತ ವರ್ಷಗಟ್ಟಲೆ ನಡೆಯುತ್ತದೆ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೂ ಈ ಕೆಲಸದಲ್ಲಿರುವುದರಿಂದ, ಇದರ ಪರಿಣಾಮವನ್ನು ಮನೆಯವರು ತಿಳಿದಿರಬೇಕು.

ಕಾರಣವೇನು?

ನಮ್ಮ ಮಿದುಳಿನಲ್ಲಿ ಒಂದು ಗಡಿಯಾರವಿದೆ. ಕಣ್ಣಿಗೆ ಬೀಳುವ ಬೆಳಕೇ ಅದಕ್ಕೆ ಕೀಲಿ. ಕತ್ತಲಾದಾಗ ಮೆಲಟೋನಿನ್ ಎಂಬ ರಸ ರಕ್ತಕ್ಕೆ ಸೇರಿ ದೇಹವನ್ನು ನಿದ್ದೆಗೆ ಸಿದ್ಧಗೊಳಿಸುತ್ತದೆ. ಉಂಡ ಅನ್ನದ ಸಕ್ಕರೆಯನ್ನು ಹಗಲಿನಲ್ಲಿ ನಿಭಾಯಿಸಿದಷ್ಟು ಚೆನ್ನಾಗಿ ದೇಹವು ರಾತ್ರಿಯಲ್ಲಿ ನಿಭಾಯಿಸಲಾರದು. ಪಾಳಿ ಬದಲಾದಾಗ ಈ ಗಡಿಯಾರ ಹೊಂದಿಕೊಳ್ಳಲು ಹಲವು ದಿನ ಬೇಕು. ಅಷ್ಟರಲ್ಲಿ ಪಾಳಿ ಮತ್ತೆ ತಿರುಗಿರುತ್ತದೆ.

ಅಮೆರಿಕದಲ್ಲಿ 1976ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಾದಿಯರ ಆರೋಗ್ಯವನ್ನು ಎರಡು ವರ್ಷಕ್ಕೊಮ್ಮೆ ವಿಚಾರಿಸುವ ಅಧ್ಯಯನ ಆರಂಭವಾಯಿತು. ಮುಂದೆ ಇನ್ನೂ ಅನೇಕ ದಾದಿಯರು ಅದಕ್ಕೆ ಸೇರಿದರು. 2011ರಲ್ಲಿ ಪ್ರಕಟವಾದ ಅದರ ಲೆಕ್ಕದಂತೆ, ತಿಂಗಳಿಗೆ ಕನಿಷ್ಠ 3 ರಾತ್ರಿಯಂತೆ 20 ವರ್ಷ ಅಥವಾ ಹೆಚ್ಚು ಕಾಲ ದುಡಿದವರಲ್ಲಿ ಸಕ್ಕರೆ ಕಾಯಿಲೆಯ ಪ್ರಮಾಣ, ಅಂತಹ ಪಾಳಿ ಮಾಡದವರಿಗಿಂತ ಶೇಕಡಾ 58ರಷ್ಟು ಹೆಚ್ಚಾಗಿತ್ತು. ಮೈತೂಕ ಏರುವುದೂ ಇದಕ್ಕೆ ಒಂದು ಕಾರಣ. ಬಹುಕಾಲ ಈ ಪಾಳಿ ಮಾಡಿದವರಲ್ಲಿ ಹೃದ್ರೋಗವೂ ಸ್ವಲ್ಪ ಹೆಚ್ಚಾಗಿ ಕಂಡಿತು. ಎಲ್ಲರಿಗೂ ರೋಗ ಬಂದೇ ಬರುತ್ತದೆಂದು ಇದರ ಅರ್ಥವಲ್ಲ. ಎಚ್ಚರಿಕೆ ಬೇಕೆಂದು ಅರ್ಥ.

ಮನೆಯವರು ಮಾಡಬೇಕಾದುದೇನು?

1. ಪಾಳಿ ಮುಗಿಸಿ ಬಂದವಳಿಗೆ ಕತ್ತಲಾದ, ಸದ್ದಿಲ್ಲದ ಕೋಣೆ ಕೊಡಿ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದರೆ ಸಾಕು.

2. ನೀರು ತರಲು, ಅಡಿಗೆಗೆ, ನೆಂಟರನ್ನು ಮಾತನಾಡಿಸಲು ನಡುವೆ ಎಬ್ಬಿಸಬೇಡಿ.

3. ಕೆಲಸಕ್ಕೆ ಹೊರಡುವ ಮೊದಲೇ ಊಟವಾಗಲಿ. ನಡುರಾತ್ರಿಗೆ ಹಗುರವಾದ ತಿಂಡಿ ಕಟ್ಟಿಕೊಡಿ. ಪಾಳಿಯ ಕೊನೆಯ ಗಂಟೆಗಳಲ್ಲಿ ಕಾಫಿ, ಚಹಾ ಬೇಡ.

4. ತೂಕಡಿಸುತ್ತ ಸ್ಕೂಟರು ಓಡಿಸುವುದು ಅಪಾಯ. ಬೆಳಿಗ್ಗೆ ಬಸ್ಸಿನಲ್ಲಿ ಬರಲಿ, ಇಲ್ಲವೇ ನೀವೇ ಹೋಗಿ ಕರೆತನ್ನಿ.

5. ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿ.

ಹೊತ್ತೇರಿದರೂ ಮಲಗಿರುವ ಮಗಳನ್ನಾಗಲಿ ಸೊಸೆಯನ್ನಾಗಲಿ ಸೋಮಾರಿ ಎನ್ನಬೇಡಿ. ಊರೆಲ್ಲ ಮಲಗಿದ್ದಾಗ ರೋಗಿಗಳ ಪಕ್ಕದಲ್ಲಿ ಎಚ್ಚರವಿದ್ದವಳು ಆಕೆ. ಆಕೆಯ ರಾತ್ರಿ ಈಗ ಆರಂಭವಾಗಿದೆ.