ತಿಂಗಳು ತುಂಬದ ಕೂಸಿನ ಬಳಿ



37 ವಾರ ತುಂಬುವ ಮೊದಲೇ ಹುಟ್ಟಿದ ಶಿಶುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ‘ತಿಂಗಳು ತುಂಬದ ಕೂಸು’ ಎನ್ನುವುದು ರೂಢಿ. ಅಂಥ ಮಗುವನ್ನು ಹೆತ್ತ ತಾಯಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ತನ್ನನ್ನೇ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ನಾನೇನು ತಪ್ಪು ಮಾಡಿದೆ? ಅದಕ್ಕೆ ಉತ್ತರವನ್ನು ನೆಂಟರು ಹೊತ್ತು ತರುತ್ತಾರೆ. ಗ್ರಹಣದ ದಿನ ಹೊರಗೆ ಹೋದಳು, ಹರಕೆ ಮರೆತಳು, ಇತ್ಯಾದಿ. ಎಷ್ಟೋ ಸಲ ವೈದ್ಯರಿಗೂ ಖಚಿತವಾದ ಕಾರಣ ಸಿಗುವುದಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇಂಥದೇ ಪ್ರಶ್ನೆ ಕೇಳಿದಾಗ, ಪಾಪ ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂದು ಪ್ರಭು ಯೇಸು ಹೇಳಿದ್ದು ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿದೆ. ನೆಂಟರಿಗೆ ಅದನ್ನೇ ಓದಿ ಹೇಳಿ.

ವೈದ್ಯರಿದ್ದಾರೆ, ನರ್ಸುಗಳಿದ್ದಾರೆ, ಇಲ್ಲಿ ನಮಗೇನು ಕೆಲಸ ಎಂದು ಹೊರಗಿನ ಬೆಂಚಿನ ಮೇಲೆ ಕುಳಿತುಬಿಡಬೇಡಿ. ಯಾವ ಔಷಧದ ಅಂಗಡಿಯಲ್ಲೂ ಸಿಗದ ಎರಡು ಔಷಧಗಳು ನಿಮ್ಮ ಬಳಿ ಇವೆ. ಒಂದು ತಾಯಿಯ ಹಾಲು. ಮಗುವಿಗೆ ಚೀಪುವ ಶಕ್ತಿ ಬರುವವರೆಗೆ ಹಾಲನ್ನು ಹಿಂಡಿ ಕೊಟ್ಟರೆ ನರ್ಸುಗಳು ಸಣ್ಣ ನಳಿಗೆಯಿಂದ ಕುಡಿಸುತ್ತಾರೆ. ಮೊದಲ ದಿನಗಳ ಹಳದಿ ಹಾಲು ನಾಲ್ಕೇ ಹನಿ ಬಂದರೂ ಅದನ್ನು ಚೆಲ್ಲಬಾರದು.

ಇನ್ನೊಂದು ನಿಮ್ಮ ಮೈಯ ಬಿಸಿ. 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಗಾಜಿನ ಪೆಟ್ಟಿಗೆಗಳು ಸಾಲದೆ ಹೋದಾಗ, ಡಾ. ಎಡ್ಗರ್ ರೇ ಎಂಬುವರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಬಡತನ ಕಲಿಸಿದ ಈ ಉಪಾಯಕ್ಕೆ ಇಂದು ಕಾಂಗರೂ ಆರೈಕೆ ಎಂದು ಹೆಸರು. ಟೋಪಿ, ಲಂಗೋಟಿ ಬಿಟ್ಟು ಬೇರೆ ಬಟ್ಟೆಯಿಲ್ಲದ ಕೂಸನ್ನು ಬರಿಯ ಎದೆಗೆ ನೆಟ್ಟಗೆ ಒರಗಿಸಿ, ಮೇಲೆ ಬಟ್ಟೆ ಸುತ್ತುವುದು, ಅಷ್ಟೇ. ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಹೀಗೆ ಎದೆಗಿಟ್ಟುಕೊಂಡ ಸಣ್ಣ ತೂಕದ ಮಕ್ಕಳಲ್ಲಿ ಮೊದಲ 28 ದಿನಗಳ ಸಾವು ಕಾಲು ಭಾಗದಷ್ಟು ಕಡಿಮೆಯಾಗಿತ್ತು. ದಿನಕ್ಕೆ 8ರಿಂದ 24 ಗಂಟೆ ಹೀಗೆ ಇಟ್ಟುಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ತಂದೆಯೂ ಇಟ್ಟುಕೊಳ್ಳಬಹುದು, ಅಜ್ಜಿಯೂ ಇಟ್ಟುಕೊಳ್ಳಬಹುದು. ಯಾವಾಗ ಶುರುಮಾಡಬಹುದು ಎಂದು ನೀವಾಗಿಯೇ ವೈದ್ಯರನ್ನು ಕೇಳಿ, ಸಂಕೋಚ ಬೇಡ. ಜಪಸರ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದು? ಮೆಲುದನಿಯಲ್ಲಿ ಹೇಳಿ. ತಾಯಿಯ ದನಿ ಕೂಸಿಗೆ ಗರ್ಭದಲ್ಲೇ ಪರಿಚಯ.

ಜ್ಞಾನಸ್ನಾನದ ಬಗ್ಗೆ ಗಾಬರಿ ಬೇಡ, ಉದಾಸೀನವೂ ಬೇಡ. ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ 1963ರ ಆಗಸ್ಟ್ 7ರಂದು ಐದು ವಾರಕ್ಕೂ ಮುಂಚಿತವಾಗಿ ಹುಟ್ಟಿದಾಗ ಆಸ್ಪತ್ರೆಯಲ್ಲೇ ಗುರುಗಳು ಅವನಿಗೆ ಜ್ಞಾನಸ್ನಾನ ಕೊಟ್ಟರು. ಉಸಿರಾಟದ ತೊಂದರೆಯಿಂದ ಆ ಕೂಸು ಎರಡು ದಿನವೂ ಬದುಕಲಿಲ್ಲ. ಅಷ್ಟು ವಾರಗಳಿಗೆ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಇಂದು ಬದುಕಿ ಮನೆಗೆ ಬರುತ್ತಾರೆ. ಆದರೂ ಪ್ರಾಣಾಪಾಯವಿದ್ದರೆ ತಡಮಾಡಬಾರದು ಎನ್ನುತ್ತದೆ 1983ರ ಧರ್ಮಸಭಾ ಕಾನೂನಿನ 867ನೆಯ ವಿಧಿ. ಗುರುಗಳು ಬರುವಷ್ಟು ಹೊತ್ತಿಲ್ಲದಿದ್ದರೆ ತಂದೆಯೇ ಕೊಡಬಹುದು, ನರ್ಸಮ್ಮನೂ ಕೊಡಬಹುದು. ಅವರು ಕ್ರೈಸ್ತರೇ ಆಗಿರಬೇಕೆಂದಿಲ್ಲ, ಧರ್ಮಸಭೆಯ ಉದ್ದೇಶವೇ ಅವರದೂ ಆಗಿದ್ದರೆ ಸಾಕು. ನರ್ಸನ್ನು ಕೇಳಿ ಶುದ್ಧವಾದ ನೀರು ಪಡೆದು, ಮಗುವಿನ ಹೆಸರು ಕರೆದು, ಜ್ಞಾನಸ್ನಾನ ಕೊಡುತ್ತಿರುವುದಾಗಿ ಬಾಯಿಬಿಟ್ಟು ಹೇಳುತ್ತಾ, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ತಲೆಯ ಮೇಲೆ ಮೂರು ಸಲ ಹನಿಸಬೇಕು. ಕೊಡದೇನೂ ಬೇಡ, ಚರ್ಮದ ಮೇಲೆ ಹರಿಯುವಷ್ಟು ಹನಿಗಳು ಸಾಕು. ಮಗು ಚೇತರಿಸಿಕೊಂಡ ಮೇಲೆ ದೇವಾಲಯಕ್ಕೆ ತನ್ನಿ. ಉಳಿದ ವಿಧಿಗಳು ನಡೆಯುತ್ತವೆ, ಜ್ಞಾನಸ್ನಾನ ಮಾತ್ರ ಎರಡನೆಯ ಸಲ ಇಲ್ಲ. ಅದಕ್ಕೂ ಮೊದಲೇ ಕೂಸು ತೀರಿಕೊಂಡಿದ್ದರೆ, ಧರ್ಮಸಭೆ ಅದನ್ನು ದೇವರ ಕರುಣೆಗೆ ಒಪ್ಪಿಸುತ್ತದೆ, ರಕ್ಷಣೆಯ ಭರವಸೆಯಿಂದ. ಆ ಕೂಸಿಗೆ ಸ್ವರ್ಗವಿಲ್ಲವೆಂದು ತಾಯಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ನೆರೆಹೊರೆಯವರಿಗೆ ಒಂದು ಮಾತು. ಕೂಸು ವಾರಗಟ್ಟಲೆ ಒಳಗಿದ್ದರೆ ತಂದೆಯ ದಿನಗೂಲಿ ನಿಲ್ಲುತ್ತದೆ, ಬಾಣಂತಿಗೆ ಬಿಸಿ ಅನ್ನ ಸಿಗುವುದಿಲ್ಲ. ಮಗುವಿನ ಮುಖ ನೋಡಲೇಬೇಕೆಂದು ವಾರ್ಡಿನ ಬಾಗಿಲಲ್ಲಿ ಪಟ್ಟು ಹಿಡಿಯಬೇಡಿ, ಸೋಂಕು ತಗಲುತ್ತದೆ. ಊಟದ ಡಬ್ಬಿಯನ್ನು ತಂದೆಯ ಕೈಗೆ ಕೊಟ್ಟು, ಮನೆಯಲ್ಲಿರುವ ದೊಡ್ಡ ಮಗುವನ್ನು ಶಾಲೆಗೆ ಯಾರು ಕರೆದೊಯ್ಯಬೇಕು ಎಂದು ಕೇಳಿಕೊಂಡು ಬನ್ನಿ.