ಮಗುವಿನ ಮೊದಲ ಹಲ್ಲುಗಳ ಆರೈಕೆ: ತಾಯಂದಿರ ಸಭೆಗಾಗಿ ಅಧ್ಯಯನ ಪಾಠ

ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಆಶಾ ಕಾರ್ಯಕರ್ತೆಯರ ಗಮನಕ್ಕೆ. ಈ ಪಾಠವನ್ನು ತಾಯಂದಿರ ಸಭೆಯಲ್ಲಿ ಓದಿ ವಿವರಿಸತಕ್ಕದ್ದು. ಮಗುವಿನ ಬಾಯಿಗೆ ಏನು ಹೋಗಬೇಕೆಂಬುದನ್ನು ಅನೇಕ ಮನೆಗಳಲ್ಲಿ ಅಜ್ಜಿಯೇ ನಿರ್ಧರಿಸುವುದರಿಂದ ಅವರನ್ನೂ ಸಭೆಗೆ ಕರೆಯುವುದು ಸೂಕ್ತ.

“ಹೇಗೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ಇಷ್ಟು ಆರೈಕೆ?” ಹಲ್ಲಿನ ಮಾತೆತ್ತಿದೊಡನೆ ಸಭೆಗಳಲ್ಲಿ ಕೇಳಿಬರುವ ಪ್ರಶ್ನೆಯಿದು. ಪ್ರಶ್ನೆ ಸಹಜವಾದುದೇ. ಹಾಲುಹಲ್ಲುಗಳು ಒಟ್ಟು 20. ಸಾಮಾನ್ಯವಾಗಿ ಆರನೆಯ ತಿಂಗಳ ಸುಮಾರಿಗೆ ಕೆಳದವಡೆಯ ಮುಂದಿನ ಎರಡು ಹಲ್ಲುಗಳು ಮೂಡುತ್ತವೆ; ಮೂರು ವರ್ಷ ತುಂಬುವುದರೊಳಗೆ ಎಲ್ಲವೂ ಬಂದಿರುತ್ತವೆ. ಮುಂಭಾಗದವು ಆರೇಳು ವರ್ಷಕ್ಕೆ ಬೀಳತೊಡಗುವುದು ನಿಜ. ಆದರೆ ಹಿಂಭಾಗದ ಅಗಿಯುವ ಹಾಲುಹಲ್ಲುಗಳು 10ರಿಂದ 12ನೆಯ ವರ್ಷದವರೆಗೂ ಬಾಯಲ್ಲಿ ಉಳಿಯಬೇಕಾದವು. ಮುದ್ದೆಯನ್ನು ನುಂಗಬಹುದು, ರೊಟ್ಟಿಯನ್ನು ಅಗಿಯಲೇಬೇಕು. ಹಲ್ಲುನೋವಿರುವ ಮಗು ತಟ್ಟೆಯನ್ನು ದೂರ ತಳ್ಳುತ್ತದೆ. ತೂಕದ ಪಟ್ಟಿಯಲ್ಲಿ ಗೆರೆ ಇಳಿದಾಗ ನಾವು ಊಟವನ್ನು ಪ್ರಶ್ನಿಸುತ್ತೇವೆಯೇ ಹೊರತು ಬಾಯನ್ನು ತೆರೆದು ನೋಡುವುದಿಲ್ಲ. ಇದಲ್ಲದೆ, ಅವಧಿಗೆ ಮುನ್ನ ಹಾಲುಹಲ್ಲು ಹೋದರೆ ಅಕ್ಕಪಕ್ಕದವು ಆ ಜಾಗಕ್ಕೆ ವಾಲುತ್ತವೆ. ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲು ಜಾಗವಿಲ್ಲದೆ ಓರೆಯಾಗಿ ಹುಟ್ಟುತ್ತದೆ.

ಕೆಲವು ಶಿಶುಗಳಿಗೆ ನಾಲ್ಕನೆಯ ತಿಂಗಳಿಗೇ ಹಲ್ಲು ಬರುತ್ತದೆ, ಕೆಲವಕ್ಕೆ ವರ್ಷ ತುಂಬಿದ ಮೇಲೆ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎಂಬ ನಂಬಿಕೆ ನಮ್ಮಲ್ಲಿ ಅಲ್ಲಲ್ಲಿ ಇದೆ. ಸೋದರಮಾವಂದಿರು ಚಿಂತಿಸಬೇಕಾಗಿಲ್ಲ, ಈ ಕ್ರಮದ ವ್ಯತ್ಯಾಸದಿಂದ ಯಾರಿಗೂ ಕೇಡಿಲ್ಲ.

ಕೇಡು ಬರುವುದು ಬೇರೊಂದು ದಾರಿಯಿಂದ. ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಗು ನಿದ್ರೆಹೋಗುವ ಅಭ್ಯಾಸ ಇಂದು ಹಳ್ಳಿಗಳಲ್ಲಿಯೂ ಬೇರೂರಿದೆ. ಬಾಯಲ್ಲಿರುವ ಸೂಕ್ಷ್ಮಾಣುಗಳು ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಎಚ್ಚರವಿರುವಾಗ ಜೊಲ್ಲು ಅದನ್ನು ತೊಳೆದುಬಿಡುತ್ತದೆ, ನಿದ್ರೆಯಲ್ಲಿ ಜೊಲ್ಲು ಕಡಿಮೆ. ಕೆಳಗಿನ ಮುಂದಿನ ಹಲ್ಲುಗಳಿಗೆ ನಾಲಿಗೆಯ ಮರೆಯಿದೆ. ಆದ್ದರಿಂದ ಮೊದಲ ಪೆಟ್ಟು ಬೀಳುವುದು ಮೇಲಿನ ಮುಂದಿನ ನಾಲ್ಕು ಹಲ್ಲುಗಳ ಮೇಲೆ. ಹಾಲುಹಲ್ಲಿನ ಕವಚ ತೆಳುವಾದ ಕಾರಣ ಹುಳುಕು ಬೇಗನೆ ಒಳಕ್ಕಿಳಿಯುತ್ತದೆ. ಬೆಲ್ಲದಲ್ಲಿ ಅದ್ದಿದ ಬಟ್ಟೆಯನ್ನು ಚೀಪಲು ಕೊಡುವುದೂ ಇದೇ ಫಲವನ್ನು ನೀಡುತ್ತದೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವ ಮುನ್ನ ಯಾವ ಕಾರಣಕ್ಕೂ ಕೊಡಕೂಡದು.

ಹಾಗೆಂದು ಎದೆಹಾಲನ್ನು ನಿಲ್ಲಿಸಬೇಕೆಂದು ಯಾರೂ ಭಾವಿಸಬಾರದು. ಎರಡು ವರ್ಷ ಮತ್ತು ಅದಕ್ಕೂ ಮೀರಿ ಎದೆಹಾಲು ಮುಂದುವರಿಯಲಿ. ಹಲ್ಲು ಬಂದ ಮೇಲೆ ರಾತ್ರಿ ಹಾಲೂಡಿಸಿದಾಗ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರಾಯಿತು. ಮೇಲುಹಾಲು ಕೊಡಲೇಬೇಕಾದಲ್ಲಿ ಬಾಟಲಿಯ ಬದಲು ಲೋಟ ಮತ್ತು ಚಮಚ ಬಳಸಬೇಕು. ನಮ್ಮ ಹಿರಿಯರ ಒಳಲೆ ಈ ದೃಷ್ಟಿಯಿಂದ ಬಾಟಲಿಗಿಂತ ಎಷ್ಟೋ ಮೇಲು: ಅದನ್ನು ಬಾಯಲ್ಲಿಟ್ಟುಕೊಂಡು ಮಲಗಲು ಸಾಧ್ಯವೇ ಇಲ್ಲ, ತೊಳೆಯುವುದೂ ಸುಲಭ.

ಮೊದಲ ಹಲ್ಲು ಕಂಡ ದಿನದಿಂದಲೇ ದಿನಕ್ಕೆರಡು ಬಾರಿ ಸ್ವಚ್ಛಗೊಳಿಸಬೇಕು, ರಾತ್ರಿಯದನ್ನು ತಪ್ಪಿಸಬಾರದು. ಮೃದುವಾದ ಪುಟ್ಟ ಬ್ರಷ್ ಮತ್ತು ಅಕ್ಕಿಕಾಳಿನಷ್ಟು ಫ್ಲೋರೈಡ್‌ಯುಕ್ತ ಪೇಸ್ಟ್ ಸಾಕು. ಮೂರು ವರ್ಷದ ನಂತರ ಬಟಾಣಿಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಸುರುಳಿಯಾಗಿ ಹಾಕುವುದು ಪೇಸ್ಟ್ ಬೇಗ ಖಾಲಿಯಾಗಲೆಂದೇ ಇರಬೇಕು. ಪಾವಗಡದಂತಹ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿಯೇ ಫ್ಲೋರೈಡ್ ಅಧಿಕವಾಗಿರುತ್ತದೆ. ಅಂತಹ ಊರುಗಳಲ್ಲಿ ಮಗುವಿಗೆ ಶುದ್ಧೀಕರಣ ಘಟಕದ ನೀರನ್ನೇ ಕುಡಿಸಬೇಕು. ಪೇಸ್ಟ್ ನುಂಗದಂತೆ ನೋಡಿಕೊಂಡು, ಯಾವುದನ್ನು ಬಳಸಬೇಕೆಂದು ದಂತ ವೈದ್ಯರನ್ನು ಕೇಳಬೇಕು. ಇದ್ದಿಲು, ಇಟ್ಟಿಗೆ ಪುಡಿ, ಹೊಗೆಸೊಪ್ಪು ಬೆರೆತ ಹಲ್ಲುಪುಡಿ ಇವು ಸರ್ವಥಾ ನಿಷಿದ್ಧ.

ಇನ್ನು ಪ್ರಾಣಕ್ಕೇ ಸಂಚಕಾರ ತರಬಲ್ಲ ಒಂದು ತಪ್ಪು ತಿಳಿವಳಿಕೆ. ಹಲ್ಲು ಬರುವಾಗ ಭೇದಿ ಸಹಜವೆಂದು ಸುಮ್ಮನಿರುವುದುಂಟು. ಹಲ್ಲು ಮೂಡುವಾಗ ಒಸಡು ಊದಬಹುದು, ಜೊಲ್ಲು ಸುರಿಯಬಹುದು, ಮಗು ರಚ್ಚೆ ಹಿಡಿಯಬಹುದು. ತೀವ್ರ ಜ್ವರವಾಗಲಿ ಭೇದಿಯಾಗಲಿ ಹಲ್ಲಿನಿಂದ ಬರುವುದಿಲ್ಲ. ಆ ವಯಸ್ಸಿನಲ್ಲಿ ಮಗು ನೆಲದ ಮೇಲೆ ಹರಿದಾಡುತ್ತ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ಸೋಂಕು ತಗಲುತ್ತದೆ. ಆದ್ದರಿಂದ ಭೇದಿ ಕಂಡೊಡನೆ ಓ.ಆರ್.ಎಸ್. ದ್ರಾವಣ ಆರಂಭಿಸಿ, 14 ದಿನಗಳ ಜಿಂಕ್ ಮಾತ್ರೆಗಾಗಿ ಆಶಾ ಕಾರ್ಯಕರ್ತೆಯನ್ನು ಕಾಣಬೇಕು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾರದಂತಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಒಸಡಿನ ತುರಿಕೆಗೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಸಾಕು. ದಾರದಲ್ಲಿ ಪೋಣಿಸಿದ ಬಜೆಯ ಮಣಿಗಳನ್ನು ಕಚ್ಚಲು ಬಿಟ್ಟರೆ ಮಣಿ ಕಳಚಿ ಗಂಟಲಿಗೆ ಸಿಲುಕುವ ಅಪಾಯವಿದೆ.

ಕಬ್ಬಿಣಾಂಶದ ಸಿರಪ್ ಕುಡಿಸಿದರೆ ಹಲ್ಲು ಕಪ್ಪಾಗುವುದೆಂದು ಕೆಲವು ತಾಯಂದಿರು ಅದನ್ನು ನಿಲ್ಲಿಸಿಬಿಡುತ್ತಾರೆ. ಅದು ಮೇಲ್ಮೈಯ ಕಲೆ ಮಾತ್ರ, ಹುಳುಕಲ್ಲ. ವಾರಕ್ಕೆರಡು ಬಾರಿ 1 ಮಿಲಿಲೀಟರ್ ಸಿರಪ್ಪನ್ನು ಡ್ರಾಪರಿನಿಂದ ನಾಲಿಗೆಯ ಹಿಂಬದಿಗೆ ಬಿಟ್ಟು, ಅನಂತರ ಹಲ್ಲನ್ನು ಒರೆಸಬೇಕು. ರಕ್ತಹೀನತೆಯ ಎದುರು ಈ ಕಲೆ ಏನೇನೂ ಅಲ್ಲ.

ಹುಳುಕನ್ನು ಗುರುತಿಸುವ ಬಗೆಯನ್ನು ಸಭೆಯಲ್ಲಿ ಮಾಡಿಯೇ ತೋರಿಸಬೇಕು. ಕೈ ತೊಳೆದು, ಮಗುವನ್ನು ತೊಡೆಯ ಮೇಲೆ ಬೆಳಕಿಗೆ ಅಭಿಮುಖವಾಗಿ ಮಲಗಿಸಿ, ಮೇಲಿನ ತುಟಿಯನ್ನು ಬೆರಳಿನಿಂದ ಮೆಲ್ಲನೆ ಎತ್ತಿ ನೋಡಬೇಕು. ಒಸಡಿನ ಅಂಚಿಗೆ ಹೊಂದಿಕೊಂಡು ಸುಣ್ಣ ಬಳಿದಂತಹ ಬಿಳಿ ಗೆರೆ ಕಂಡರೆ ಅದೇ ಆರಂಭ. ಈ ಹಂತದಲ್ಲಿ ರಾತ್ರಿಯ ಸಿಹಿ ನಿಲ್ಲಿಸಿ, ದಿನವೂ ಶುಚಿಗೊಳಿಸಿ, ದಂತ ವೈದ್ಯರು ಫ್ಲೋರೈಡ್ ಲೇಪಿಸಿದರೆ ಹಲ್ಲು ಚೇತರಿಸಿಕೊಳ್ಳಬಲ್ಲದು. ಕಂದು ಬಣ್ಣಕ್ಕೆ ತಿರುಗಿ ಕುಳಿ ಬಿದ್ದ ಮೇಲೆ ಅದು ತಾನಾಗಿ ಮುಚ್ಚದು. ತಿಂಗಳಿಗೊಮ್ಮೆ ತುಟಿ ಎತ್ತಿ ನೋಡುವ ರೂಢಿಯನ್ನು ತೂಕ ಹಾಕುವ ದಿನದೊಂದಿಗೆ ಸೇರಿಸಿಕೊಂಡರೆ ಮರೆಯುವುದಿಲ್ಲ. ಬಿಳಿ ಗೆರೆಯಾಗಲಿ ಕಂದು ಕಲೆಯಾಗಲಿ ಕಂಡ ಮಗುವಿನ ಹೆಸರನ್ನು ಬರೆದಿಟ್ಟು, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ತೋರಿಸಬೇಕು. ನೋವು, ಒಸಡಿನಲ್ಲಿ ಕೀವು ಅಥವಾ ಮುಖದಲ್ಲಿ ಊತವಿದ್ದಲ್ಲಿ ತಂಡಕ್ಕಾಗಿ ಕಾಯದೆ ಅಂದೇ ತಾಲ್ಲೂಕು ಆಸ್ಪತ್ರೆಗೆ ಕಳುಹಿಸತಕ್ಕದ್ದು.